ದಾನದ ಪುಸ್ತಕದಲ್ಲಿ ಇನ್ನೊಂದು ಅಂಕಣ
(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನಮ್ಮ ಶಾಲೆ ಆರಂಭವಾದಾಗ ರಾಯದುರ್ಗವು ಮದ್ರಾಸ್ ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರ ಜಿಲ್ಲೆಗೆ ಸೇರಿತು. ಆಡಳಿತದ ಭಾಷೆ ಬದಲಾಯಿತು. ತರಗತಿಯ ಕನ್ನಡ ಮಾತ್ರ ಉಳಿಯಿತು. ಮಕ್ಕಳನ್ನು ನಂಬಿಕೆಯಿಂದ ಇಲ್ಲಿಗೆ ಕಳುಹಿಸಿದ ತಂದೆತಾಯಂದಿರೂ, ಕೈಲಾದಷ್ಟು ನೆರವಾದ ಊರವರೂ ಅದನ್ನು ಉಳಿಸಿದರು.

ದಾನದ ಮಹಿಮೆಯನ್ನು ಈ ಸೀಮೆಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಡುಗೆಗೆ ಎಸರಿಡುವ ಮುನ್ನ ಒಂದು ಹಿಡಿ ಧಾನ್ಯವನ್ನು ಬೇರೆ ಗಡಿಗೆಯಲ್ಲಿ ಹಾಕಿ ಮಠದ ದಾಸೋಹಕ್ಕೆ ಸಲ್ಲಿಸುತ್ತಿದ್ದ ತಾಯಂದಿರ ಪರಂಪರೆ ನಮ್ಮದು. 1969ರಲ್ಲಿ ಸ್ಪೇನ್ ದೇಶದ ವಿನ್ಸೆಂಟ್ ಫೆರರ್ ಅವರು ಅನಂತಪುರದಲ್ಲಿ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಕಾರ್ಯವನ್ನು ಆರಂಭಿಸಿದರು. ಮುಂದೆ ಸ್ಪೇನಿನ ಸಾಮಾನ್ಯ ಕುಟುಂಬಗಳು ತಿಂಗಳು ತಿಂಗಳೂ ಕಳುಹಿಸಿದ ಸಣ್ಣ ಮೊತ್ತಗಳು ಈ ಬರದ ಜಿಲ್ಲೆಯಲ್ಲಿ ಮನೆಗಳಾದವು, ಶಾಲೆಗಳಾದವು, ಬತ್ತಲಪಲ್ಲಿಯ ಆಸ್ಪತ್ರೆಯಾದವು. ಹಣ ಕಡಲಾಚೆಯಿಂದ ಬಂದಿತು. ಅದನ್ನು ಹಿಡಿದು ಹಳ್ಳಿ ಹಳ್ಳಿಗೆ ನಡೆದವರು ಇಲ್ಲಿಯವರೇ. ಆ ನಡೆದ ಕಾಲುಗಳಿಲ್ಲದಿದ್ದರೆ ಹಣವೊಂದೇ ಏನು ಮಾಡೀತು?

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಹಿಂದೆ ಮಡಕಶಿರ ಸೀಮೆಯ ಶಾಲೆಯೊಂದರಲ್ಲಿದ್ದಾಗ ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಆಯ್ಕೆಯಾದಳು. ವರ್ಷಕ್ಕೆ 12,000 ರೂಪಾಯಿಯಂತೆ ನಾಲ್ಕು ವರ್ಷಕ್ಕೆ 48,000 ರೂಪಾಯಿ. ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗಿದ್ದರು. ಮನೆಯಲ್ಲಿದ್ದ ಅಜ್ಜಿಗೆ ತೆಲುಗಿನ ನಮೂನೆಯೂ ತಿಳಿಯದು, ಬ್ಯಾಂಕಿನ ವ್ಯವಹಾರವೂ ತಿಳಿಯದು. ಖಾತೆಗೆ ಆಧಾರ್ ಜೋಡಣೆಯಾಗುವಷ್ಟರಲ್ಲಿ ಗಡುವು ಮುಗಿಯಿತು. ಅದೇ ತಿಂಗಳು ದಾನಿಗಳ ನೆರವಿನಿಂದ ಶಾಲೆಗೆ ಮಹಾದ್ವಾರ ಏಳುತ್ತಿತ್ತು. ಕಲ್ಲಿನಲ್ಲಿ ಯಾರ ಹೆಸರು ಮೊದಲು ಬರಬೇಕೆಂಬ ಚರ್ಚೆಯಲ್ಲಿ ನಾನೂ ಮುಳುಗಿದ್ದೆ. ಆ ಮಗುವಿನ ಜೊತೆ ಬ್ಯಾಂಕಿಗೆ ಹೋಗಲು ಅರ್ಧ ದಿನ ಸಾಕಿತ್ತು. ಆ ಅರ್ಧ ದಿನವನ್ನು ಯಾರೂ ಕೊಡಲಿಲ್ಲ, ನಾನೂ ಕೊಡಲಿಲ್ಲ. ಅವಳು ಹತ್ತನೆಯ ತರಗತಿ ಮುಗಿಸಿ ಹೊಲಿಗೆ ಕೆಲಸಕ್ಕೆ ಸೇರಿದಳು. ದ್ವಾರ ಇಂದಿಗೂ ಸುಂದರವಾಗಿಯೇ ಇದೆ.

ಕಟ್ಟಡಕ್ಕೆ ಕೊಟ್ಟವರನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಸೋರದ ಸೂರಿನ ಕೆಳಗೆ ನಿಂತೇ ಈ ಮಾತನ್ನಾಡುತ್ತಿದ್ದೇನೆ. ಆದರೆ ಹಳೆಯ ವಿದ್ಯಾರ್ಥಿಗಳು "ಶಾಲೆಗೆ ಏನು ಕಟ್ಟಿಸಿಕೊಡಲಿ, ಮೇಡಂ?" ಎಂದು ಕೇಳಿದಾಗಲೆಲ್ಲ ನನಗೆ ಆ ಅಜ್ಜಿಯ ನೆನಪಾಗುತ್ತದೆ.

ಆದುದರಿಂದ ನನ್ನ ಬಿನ್ನಹ ಮೂರು. ಮೊದಲನೆಯದು, ವಿದ್ಯಾರ್ಥಿವೇತನದ ಅರ್ಜಿಗಳ ಕಾಲದಲ್ಲಿ ಪ್ರತಿಯೊಂದು ತಂಡದಿಂದ ಒಬ್ಬರಾದರೂ ಬಂದು ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿ. ತೆಲುಗಿನ ಸುತ್ತೋಲೆಯನ್ನು ಪೋಷಕರಿಗೆ ಕನ್ನಡದಲ್ಲಿ ತಿಳಿಸಿ. ಎರಡನೆಯದು, ಒಮ್ಮೆ ದೊಡ್ಡ ಮೊತ್ತ ಕೊಡಲಾಗದವರು ತಿಂಗಳಿಗೆ ನೂರು ರೂಪಾಯಿ ಕೊಡಿ. ಅದರ ಜಮಾ ಖರ್ಚು ಪ್ರತಿ ತಿಂಗಳೂ ಶಾಲೆಯ ಸೂಚನಾ ಫಲಕದ ಮೇಲಿರುತ್ತದೆ, ಯಾರೂ ಪ್ರಶ್ನಿಸಬಹುದು. ಮೂರನೆಯದು ಪೋಷಕರಿಗೆ: ನಮ್ಮಲ್ಲಿ ಕೊಡಲು ಏನಿದೆ ಎಂದು ಸಂಕೋಚಪಡಬೇಡಿ. ಈ ಊರಿನ ಎಷ್ಟೋ ಮನೆಗಳಲ್ಲಿ ಹೊಲಿಗೆ ಯಂತ್ರವಿದೆ. ಹರಿದ ಸಮವಸ್ತ್ರವನ್ನು ಹೊಲಿದುಕೊಟ್ಟರೆ, ನಾಚಿಕೆಯಿಂದ ಶಾಲೆ ತಪ್ಪಿಸುವ ಮಗು ಮರುದಿನ ಬರುತ್ತದೆ.

ಹೊರಗಿನ ಮೇಜಿನ ಮೇಲೆ ಶತಮಾನೋತ್ಸವದ ದಾನದ ಪುಸ್ತಕವಿದೆ. ಹೆಸರು, ಊರು, ಮೊತ್ತ ಎಂಬ ಅಂಕಣಗಳ ಪಕ್ಕದಲ್ಲಿ ನಿನ್ನೆ ರಾತ್ರಿ ನಾನೇ ಸ್ಕೇಲು ಹಿಡಿದು ಇನ್ನೊಂದು ಗೆರೆ ಎಳೆದಿದ್ದೇನೆ. ಅದರ ತಲೆಯ ಮೇಲೆ "ನಾನು ಬರಬಲ್ಲ ದಿನ" ಎಂದು ಬರೆದಿದೆ. ಮೊದಲ ಸಾಲಿನಲ್ಲಿ ನನ್ನ ಹೆಸರೂ, ನಿವೃತ್ತಿಯ ನಂತರದ ಶನಿವಾರಗಳೂ ಇವೆ. ಊಟಕ್ಕೆ ಹೋಗುವ ಮುನ್ನ ದಯವಿಟ್ಟು ಎರಡನೆಯ ಸಾಲನ್ನು ನೀವು ತುಂಬಿರಿ.