ಅಂಚೆಯಲ್ಲಿ ಬಂದ ಬೀಗ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಬೇಸಾಯದ ಮಾತುಗಳನ್ನು ನಾನು ಹನ್ನೊಂದು ವರ್ಷ ಕೂಡಿಹಾಕಿದ್ದೆ. ಚನ್ನಗಿರಿಯ ಅಡಿಕೆ ತೋಟದಲ್ಲಿ ಚೇಣಿ, ಗೊರಬಲು ಎನ್ನುವ ನಾಲಿಗೆಗೂ ಜಗಳೂರಿನ ಬೆದ್ದಲಿನಲ್ಲಿ ಕೂರಿಗೆ, ಅಕ್ಕಡಿ ಎನ್ನುವ ನಾಲಿಗೆಗೂ ಇರುವ ದೂರ ಬಸ್ಸಿನ ಟಿಕೀಟಿನಿಂದ ಅಳೆಯುವಂಥದಲ್ಲ. ಆ ಮಾತುಗಳೆಲ್ಲ ಹೊನ್ನಾಳಿಯ ಒಂದು ಡಿ.ಟಿ.ಪಿ. ಅಂಗಡಿಯ ಗಣಕಯಂತ್ರದಲ್ಲಿ ಅಚ್ಚಿಗೆ ಸಿದ್ಧವಾಗಿ ಕುಳಿತಿದ್ದವು. 2016ರ ಮಳೆಗಾಲದ ಒಂದು ಬೆಳಿಗ್ಗೆ ಅಂಗಡಿಯ ಹುಡುಗ ಫೋನು ಮಾಡಿದ: "ಮೇಷ್ಟ್ರೇ, ಫೈಲೆಲ್ಲಾ ಅದಾವೆ. ಆದ್ರೆ ಒಂದೂ ತೆಗಿಯಾಕ್ ಬರ್ತಿಲ್ಲ."

ಹೋಗಿ ನೋಡಿದೆ. ಕಡತಗಳ ಹೆಸರುಗಳೆಲ್ಲ ಅರ್ಥವಿಲ್ಲದ ಅಕ್ಷರಗಳ ಇರುವೆಸಾಲಾಗಿದ್ದವು. ಪರದೆಯ ಮೇಲೆ ಇಂಗ್ಲಿಷಿನಲ್ಲೊಂದು ಒಕ್ಕಣೆ: ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಾದರೆ ಬಿಟ್‌ಕಾಯಿನ್ ಎಂಬ ನಾಣ್ಯದಲ್ಲಿ ಹಣ ಸಲ್ಲಿಸಿ.

ನಡೆದದ್ದಿಷ್ಟು. ಹಿಂದಿನ ಸಂಜೆ ಅವನಿಗೊಂದು ಇ-ಮೇಲ್ ಬಂದಿತ್ತು. ಬಾಕಿ ಬಿಲ್ಲು ಲಗತ್ತಿಸಿದೆ ಎಂದು ಅದರ ಒಕ್ಕಣೆ. ಕಾಗದದ ವ್ಯಾಪಾರಿಗಳೊಡನೆ ನಿತ್ಯ ವ್ಯವಹಾರವಿದ್ದವನಿಗೆ ಬಿಲ್ಲು ಬರುವುದರಲ್ಲಿ ಅನುಮಾನವೇನು? ತೆರೆದ. ಒಳಗಿನ ಬರಹ ಕಲಸಿಹೋಗಿತ್ತು; ಸರಿಯಾಗಿ ಕಾಣಬೇಕಾದರೆ ಮೇಲಿರುವ ಗುಂಡಿ ಒತ್ತಿ ಎಂದಿತ್ತು. ಒತ್ತಿದ. ವರ್ಡ್ ಕಡತದೊಳಗೆ 'ಮ್ಯಾಕ್ರೋ' ಎಂಬ ಆಜ್ಞೆಗಳನ್ನು ಅಡಗಿಸಿಡಬಹುದು. ಗುಂಡಿ ಒತ್ತುವುದೆಂದರೆ ಆ ಆಜ್ಞೆಗಳಿಗೆ ಅಪ್ಪಣೆ ಕೊಟ್ಟಂತೆ. ಅವು ಎಲ್ಲಿಂದಲೋ ನಿಜವಾದ ಕುತಂತ್ರಾಂಶವನ್ನು ಕರೆತಂದು ಒಳಗೆ ಬಿಟ್ಟವು. ಆ ವರ್ಷದ ಫೆಬ್ರವರಿಯಿಂದ 'ಲಾಕಿ' ಎಂಬುದು ಇಂಥದೇ ಬಿಲ್ಲಿನ ವೇಷದಲ್ಲಿ ಜಗತ್ತನ್ನೆಲ್ಲ ಸುತ್ತುತ್ತಿತ್ತು. ನಮ್ಮಲ್ಲಿಗೆ ಬಂದದ್ದೂ ಅದರ ಕುಲದ್ದೇ ಇರಬೇಕು. ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ, ಜೋಪಾನಕ್ಕೆಂದು ಪ್ರತಿ ತೆಗೆದಿಟ್ಟಿದ್ದ ಪೆನ್ ಡ್ರೈವ್ ಅದೇ ಯಂತ್ರಕ್ಕೆ ಚುಚ್ಚಿಕೊಂಡೇ ಇತ್ತು. ಅದಕ್ಕೂ ಬೀಗ ಬಿದ್ದಿತ್ತು.

ಈ ಕಳ್ಳ ಕನ್ನ ಕೊರೆಯುವವನಲ್ಲ. ಯಜಮಾನನ ಕೈಯಿಂದಲೇ ಅಗಳಿ ತೆಗೆಸುವವನು. ಬೇಡದ ಅಂಚೆಗೆ ಹಳೆಯ ಚರಿತ್ರೆಯೇ ಇದೆ. 1978ರ ಮೇ 3ರಂದು ಅಮೆರಿಕದ ಗಣಕಯಂತ್ರದ ಕಂಪನಿಯೊಂದರ ಮಾರಾಟಗಾರ ಸುಮಾರು 400 ಮಂದಿಗೆ ಒಂದೇ ಜಾಹೀರಾತು ಕಳುಹಿಸಿ ಬೈಗುಳ ತಿಂದ. ಅದು ಬರಿಯ ಕಿರಿಕಿರಿ. 2000ದ ಮೇ 4ರಂದು ಫಿಲಿಪೀನ್ಸಿನಿಂದ ಹೊರಟದ್ದು ಪ್ರೇಮಪತ್ರದ ವೇಷ ತೊಟ್ಟಿತ್ತು. ಪರಿಚಿತರ ಹೆಸರಿನಲ್ಲೇ ಬರುತ್ತಿತ್ತು. ಕಡತದ ಹೆಸರಿನಲ್ಲಿ ಕಣ್ಣಿಗೆ ಕಾಣುವ ಬಾಲ 'ಟಿ.ಎಕ್ಸ್.ಟಿ.', ಅದರ ಹಿಂದಿನ ನಿಜವಾದ ಬಾಲ 'ವಿ.ಬಿ.ಎಸ್.' ಅನ್ನು ವಿಂಡೋಸ್ ಮರೆಮಾಡುತ್ತಿತ್ತು. ತೆರೆದವನ ಚಿತ್ರಗಳನ್ನು ಅಳಿಸಿ, ಅವನ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತಾನೇ ಪ್ರೇಮಪತ್ರ ಬರೆಯುತ್ತಿತ್ತು. ಶಿಕ್ಷಿಸಲು ತಕ್ಕ ಕಾನೂನು ಆಗ ಆ ದೇಶದಲ್ಲಿ ಇರಲಿಲ್ಲವಾಗಿ ಆರೋಪಿ ಪಾರಾದ.

ಹುಡುಗ ಅತ್ತುಬಿಟ್ಟ. ಅಪ್ಪನ ಭತ್ತದ ದುಡ್ಡು ತಂದು ಕಟ್ಟುತ್ತೇನೆ ಎಂದ. ನಾನು ಬೇಡವೆಂದೆ. ಕಟ್ಟಿದರೂ ಬೀಗದ ಕೈ ಬರುವುದೆಂಬ ಭರವಸೆಯಿಲ್ಲ. ಬಂದರೂ ಕಳ್ಳನ ಕಸುಬಿಗೆ ನಾವೇ ಬಂಡವಾಳ ಹಾಕಿದಂತೆ.

ಆಗಿನ್ನೂ ತಾಲ್ಲೂಕಾಗಿರದ ನ್ಯಾಮತಿಯಲ್ಲಿ ಗೆಳೆಯರೊಬ್ಬರು ತಿದ್ದಲೆಂದು ಒಯ್ದಿದ್ದ ಕರಡಚ್ಚು ಅಟ್ಟದ ಮೇಲಿತ್ತು. ಜಗಳೂರಿನ ಕೈಬರಹದ ಪುಸ್ತಕಗಳು ಅಲ್ಲಿಯ ಶಿಷ್ಯನ ಮನೆಯಲ್ಲಿ ಸಿಕ್ಕವು. ಚನ್ನಗಿರಿಯದನ್ನು ಮತ್ತೆ ತೋಟ ತೋಟ ತಿರುಗಿ ಬರೆದುಕೊಂಡೆ. ಹೊನ್ನಾಳಿಯ ನದಿದಂಡೆಯ ಮುನ್ನೂರು ಮಾತುಗಳು ಮಾತ್ರ ಬರಲಿಲ್ಲ. ಅವನ್ನು ಹೇಳಿದ್ದ ಅಜ್ಜಿ ಆ ಹೊತ್ತಿಗೆ ತೀರಿಕೊಂಡಿದ್ದರು.

ಈಗ ಆ ಅಂಗಡಿಯ ರೀತಿಯೇ ಬೇರೆ. ಬಿಲ್ಲು ಬಂದರೆ ಹುಡುಗ ವ್ಯಾಪಾರಿಗೆ ಫೋನು ಮಾಡುತ್ತಾನೆ; ಅದೂ ಇ-ಮೇಲಿನಲ್ಲಿರುವ ಸಂಖ್ಯೆಗಲ್ಲ, ತನ್ನ ಹಳೆಯ ಪುಸ್ತಕದಲ್ಲಿರುವ ಸಂಖ್ಯೆಗೆ. ಕಡತದ ಹೆಸರು ಬಾಲಸಮೇತ ಕಾಣುವಂತೆ ಯಂತ್ರವನ್ನು ಹೊಂದಿಸಿದ್ದಾನೆ. ವಿಂಡೋಸ್ ಪರಿಷ್ಕರಣೆಯನ್ನೂ ವೈರಸ್ ತಡೆಯುವ ತಂತ್ರಾಂಶವನ್ನೂ ಮುಂದೂಡುವುದಿಲ್ಲ. ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುವುದಾಗಿ ಮೈಕ್ರೋಸಾಫ್ಟ್ 2022ರಲ್ಲಿ ಪ್ರಕಟಿಸಿತು. ತಡವಾಯಿತು, ಆದರೂ ಒಳ್ಳೆಯದಾಯಿತು. ಆದರೆ ಕಳ್ಳನೂ ವೇಷ ಬದಲಿಸುತ್ತಾನಲ್ಲ! ಆದ್ದರಿಂದ ಪ್ರತಿಗಳು ಎರಡು. ಒಂದು ಯಂತ್ರದಿಂದ ಕಳಚಿ ಬೇರೆ ಮನೆಯಲ್ಲಿರುತ್ತದೆ. ಅನುಮಾನ ಬಂದೊಡನೆ ಮೊದಲು ಅಂತರಜಾಲದ ತಂತಿ ಕೀಳಬೇಕು, ಆಮೇಲೆ ಮಾತು. ದೂರು ಕೊಡಲು ಈಗ ಸೈಬರ್ ಅಪರಾಧ ಸಹಾಯವಾಣಿ 1930 ಇದೆ.

ಬೀಗ ಬಿದ್ದ ಡಿಸ್ಕನ್ನು ನಾನು ಎಸೆದಿಲ್ಲ. ಡಚ್ ಪೊಲೀಸರೂ ಯೂರೋಪೋಲ್ ಸಂಸ್ಥೆಯೂ ಇತರರೊಡನೆ ಸೇರಿ 2016ರಲ್ಲಿ 'ನೋ ಮೋರ್ ರ್ಯಾನ್ಸಮ್' ಎಂಬ ತಾಣ ತೆರೆದರು. ಪತ್ತೆಯಾದ ಕೆಲವು ಬೀಗದ ಕೈಗಳನ್ನು ಅಲ್ಲಿ ಉಚಿತವಾಗಿ ಕೊಡುತ್ತಾರೆ. ಹುಡುಗ ವರ್ಷಕ್ಕೊಮ್ಮೆ ಬಂದು ನಮ್ಮ ಬೀಗಕ್ಕೆ ಹೊಂದುವುದೇನಾದರೂ ಸಿಕ್ಕಿದೆಯೇ ಎಂದು ನೋಡುತ್ತಾನೆ. ಈ ಸಲವೂ ಬಂದಿದ್ದ. ಸಿಗಲಿಲ್ಲ. ಡಿಸ್ಕನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ.