ಹತ್ತು ನಿಮಿಷದ ಲೆಕ್ಕ



ಮುಂಬಯಿಯ ಸಮುದ್ರದ ದಂಡೆಯಲ್ಲಿ ಕೂತು ಹಿಮಕುಸಿತದ ಬಗ್ಗೆ ಇಡೀ ದಿನದ ವಿಚಾರ ಸಂಕಿರಣವೇಕೆ ಎಂದು ಇಬ್ಬರು ಮೂವರು ನನಗೆ ಫೋನ್ ಮಾಡಿ ಕೇಳಿದರು. ಅವರಿಗೆ ನಾನು ಹೇಳಿದ್ದು ಇಷ್ಟೇ: ನಿಮ್ಮ ಕಟ್ಟಡದಲ್ಲಿ ನಾಲ್ಕು ಮನೆಗಳ ಅಟ್ಟ ಹತ್ತಿ ನೋಡಿ. ಒಂದರಲ್ಲಾದರೂ ದಪ್ಪ ಜಾಕೆಟ್ಟು, ದೊಡ್ಡ ರಕ್‌ಸ್ಯಾಕು ಸಿಗುತ್ತದೆ. ಮಳೆಗಾಲವೆಲ್ಲ ಹರಿಶ್ಚಂದ್ರಗಡ, ಕಳಸೂಬಾಯಿ ಎಂದು ಸುತ್ತಿದ ನಮ್ಮ ಹುಡುಗರು ಡಿಸೆಂಬರ್ ಬಂತೆಂದರೆ ಬಾಂದ್ರಾ ಟರ್ಮಿನಸ್‌ನಲ್ಲಿ ಹರಿದ್ವಾರದ ಗಾಡಿ ಹತ್ತುತ್ತಾರೆ. ಕೇದಾರಕಂಠ, ಬ್ರಹ್ಮತಾಲ್, ಲಡಾಖಿನ ಚಾದರ್ ಎಂಬ ಹಿಮದ ಚಾರಣಗಳೆಲ್ಲವೂ ಈಗ ನಮ್ಮ ಊರಿನ ಮಾತುಕತೆಯ ಹೆಸರುಗಳೇ. ಹಿಮಾಲಯನ್ ಕ್ಲಬ್ಬಿನ ಕೇಂದ್ರ ಇರುವುದು ಮುಂಬಯಿಯಲ್ಲಿ. 1954ರಲ್ಲಿ ಹುಟ್ಟಿದ ಗಿರಿವಿಹಾರ ಪರ್ವತಾರೋಹಣ ಸಂಸ್ಥೆ ಇಲ್ಲಿಯದು. ಹಿಮದೊಡನೆ ಈ ಊರಿನ ನಂಟು ಹಳೆಯದು. ಆದರೆ ಹಿಮದ ಬಗ್ಗೆ ಕನ್ನಡದಲ್ಲಿ ಕೂತು ಮಾತಾಡಿದ್ದು ತೀರಾ ಕಡಿಮೆ. ಅದಕ್ಕೇ ಈ ಸಭೆ.

ಮೊದಲು ಒಂದು ಪದದ ಜಗಳ ಮುಗಿಸಿಬಿಡುತ್ತೇನೆ. ನಮ್ಮ ಪತ್ರಿಕೆಗಳು ಮನಾಲಿಯಲ್ಲಿ ಹತ್ತಿಯಂತೆ ಹಿಮ ಉದುರಿದರೆ ‘ಹಿಮಪಾತ’ ಎನ್ನುತ್ತವೆ. ಸಿಯಾಚಿನ್‌ನಲ್ಲಿ ಬೆಟ್ಟದ ಮೈಯೇ ಜಾರಿ ಸೈನಿಕರನ್ನು ಮುಚ್ಚಿಹಾಕಿದರೂ ‘ಹಿಮಪಾತ’ ಎನ್ನುತ್ತವೆ. ಪ್ರವಾಸಿಗರು ಹಂಬಲಿಸಿ ಹೋಗುವುದೂ ಅದೇ, ಕೊಲ್ಲುವುದೂ ಅದೇ ಎಂಬಂತೆ. ನಾವು ದಿನಾ ಕೇಳುವ ಮರಾಠಿಯಲ್ಲಿ ಹಿಮವೃಷ್ಟಿ ಬೇರೆ, ಹಿಮಸ್ಖಲನ ಬೇರೆ. ಕನ್ನಡದಲ್ಲೂ ‘ಹಿಮಕುಸಿತ’ ಎಂಬ ಒಳ್ಳೆಯ ಮಾತಿದೆ, ಬಳಸುವುದಿಲ್ಲ ಅಷ್ಟೆ. ಮನೆಯವರು ಟಿವಿಯಲ್ಲಿ ‘ಹಿಮಪಾತದ ಸಾಧ್ಯತೆ’ ಎಂಬ ಸಾಲು ನೋಡಿ ಮಗನಿಗೆ ಫೋನ್ ಮಾಡಿದರೆ, ಹೊರಡು ಎನ್ನಬೇಕೋ ನಿಲ್ಲು ಎನ್ನಬೇಕೋ? ಇಂದಿನ ಎಲ್ಲ ಗೋಷ್ಠಿಗಳಲ್ಲೂ ಬೀಳುವ ಹಿಮಕ್ಕೆ ಹಿಮಪಾತ, ಜಾರುವ ಹಿಮಕ್ಕೆ ಹಿಮಕುಸಿತ ಎಂದೇ ಬಳಸೋಣ ಎಂದು ಕೇಳಿಕೊಳ್ಳುತ್ತೇನೆ.

ಹಿಮಕುಸಿತ ಎಂದರೆ ಕನ್ನಡಿಗರ ಮನಸ್ಸಿಗೆ ಬರುವುದು ಒಂದೇ ಹೆಸರು. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಧಾರವಾಡ ಜಿಲ್ಲೆಯ ಬೆಟದೂರಿನವರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 10 ಜನ ಹೂತುಹೋದರು. ಕರ್ನಾಟಕದವರೇ ಮೂವರು ಅವರಲ್ಲಿದ್ದರು. ಆರನೆಯ ದಿನ, ಫೆಬ್ರವರಿ 8ರಂದು, 25 ಅಡಿಗೂ ಹೆಚ್ಚು ಆಳದಿಂದ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ಆ ರಾತ್ರಿ ಈ ಊರಿನ ಹೋಟೆಲುಗಳಲ್ಲಿ ಗಲ್ಲಾದ ಮೇಲಿದ್ದವರು, ಪಾತ್ರೆ ತೊಳೆಯುವ ಹುಡುಗರು ಎಲ್ಲ ಟಿವಿ ಮುಂದೆ ನಿಂತದ್ದನ್ನು ನಾನು ಕಂಡಿದ್ದೇನೆ. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ಮೂರು ದಿನ ದೇವರಿಗೆ ಹರಕೆ ಹೊತ್ತವರಲ್ಲಿ ನಾನೂ ಒಬ್ಬ.

ಆ ವೀರನಿಗೆ ತಲೆಬಾಗಿಯೇ ಈ ಮಾತು ಹೇಳುತ್ತಿದ್ದೇನೆ. ಅವರು ಬದುಕಿ ಸಿಕ್ಕಿದ ಆರು ದಿನ ನಮ್ಮ ನೆನಪಿನಲ್ಲಿ ಎಷ್ಟು ಆಳವಾಗಿ ಕೂತಿದೆಯೆಂದರೆ, ಹಿಮದಡಿ ಸಿಕ್ಕವರನ್ನು ಹುಡುಕಲು ಸಮಯವಿರುತ್ತದೆ, ಸೇನೆ ಬರುತ್ತದೆ, ಹೆಲಿಕಾಪ್ಟರ್ ಬರುತ್ತದೆ ಎಂಬ ಭಾವನೆ ನಮಗೆ ಗೊತ್ತಿಲ್ಲದೆಯೇ ಬೆಳೆದಿದೆ. ಲೆಕ್ಕ ಬೇರೆಯೇ ಇದೆ. ಸ್ವಿಟ್ಜರ್ಲೆಂಡ್‌ನವರು ದಶಕಗಳಿಂದ ಇಟ್ಟುಕೊಂಡು ಬಂದ ದಾಖಲೆಗಳ ಪ್ರಕಾರ, ಪೂರ್ತಿ ಹೂತುಹೋದವರನ್ನು ಮೊದಲ 10 ನಿಮಿಷದಲ್ಲಿ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿತೆಂದರೆ ಆ ಸಂಖ್ಯೆ ಹತ್ತರಲ್ಲಿ ಮೂರಕ್ಕೆ ಇಳಿಯುತ್ತದೆ. ಕೊಲ್ಲುವುದು ಹೆಚ್ಚಾಗಿ ಚಳಿಯಲ್ಲ, ಉಸಿರುಗಟ್ಟುವುದು. ಜಾರುವಾಗ ಹಿಟ್ಟಿನಂತಿದ್ದ ಹಿಮ ನಿಂತ ಕ್ಷಣದಲ್ಲಿ ಕಾಂಕ್ರೀಟಿನಂತೆ ಬಿಗಿಯುತ್ತದೆ. ಬೆರಳನ್ನೂ ಆಡಿಸಲಾಗುವುದಿಲ್ಲ. ಬಾಯ ಮುಂದೆ ಉಸಿರು ಕರಗಿಸಿದ ಹಿಮ ಮತ್ತೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಉತ್ತರಕಾಶಿಯಿಂದಲೋ ಜೋಶಿಮಠದಿಂದಲೋ ಯಾರೂ 10 ನಿಮಿಷದಲ್ಲಿ ಬರಲಾರರು. ಬರಬಹುದಾದವರು ಪಕ್ಕದಲ್ಲಿ ನಡೆಯುತ್ತಿದ್ದವರು ಮಾತ್ರ.

ಜುಹೂ ಕಡಲ ದಂಡೆಯಲ್ಲಿ ನಾವು ಮಾಡಿದ ಒಂದು ಪ್ರಯೋಗವನ್ನು ಹೇಳುತ್ತೇನೆ. ಭಾನುವಾರ ಬೆಳಗಿನ ಆರು ಗಂಟೆ, ಇಳಿತದ ಹೊತ್ತು. ಒದ್ದೆ ಮರಳಲ್ಲಿ ಒಂದು ಮೀಟರ್ ಆಳಕ್ಕೆ ರಕ್‌ಸ್ಯಾಕನ್ನು ಹೂತೆವು. ಅದರೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೀಕನ್ ಇತ್ತು. 457 ಕಿಲೋಹರ್ಟ್ಸ್‌ನಲ್ಲಿ ಸದಾ ಮಿಡಿಯುವ ಪುಟ್ಟ ಯಂತ್ರ ಅದು, ಎಲ್ಲರೂ ಎದೆಗೆ ಕಟ್ಟಿಕೊಂಡಿರಬೇಕಾದದ್ದು. ನಾಲ್ವರು ಹುಡುಕಲು ನಿಂತರು. ನಾಲ್ವರೂ ಇಪ್ಪತ್ತು ಮೂವತ್ತು ಕೋಟೆ ಹತ್ತಿದವರು, ಗಟ್ಟಿ ಮೈಯವರು. ತಮ್ಮ ಕೈಯಲ್ಲಿದ್ದ ಹುಡುಕುವ ಬೀಕನ್ನಿನ ಬಾಣದ ಗುರುತು ತೋರಿಸಿದ ಕಡೆ ಓಡಿದರು, ಯಂತ್ರ ಎಳೆದ ದಾರಿ ನೇರವಾಗಿರದೆ ಬಾಗಿರುತ್ತದೆಂದು ತಿಳಿಯದೆ ಗೊಂದಲಕ್ಕೆ ಬಿದ್ದರು. ಒಬ್ಬ ನೆಲಕ್ಕೆ ಮೊಣಕಾಲೂರಿ ಕೈಯಿಂದ ಬಗೆಯತೊಡಗಿದ. ಇನ್ನೊಬ್ಬ ಸಲಿಕೆ ಹಿಡಿದು, ಹೂತದ್ದನ್ನು ತಡವಿ ನೋಡುವ ಉದ್ದನೆಯ ಸರಳು ಚುಚ್ಚಿದ ಜಾಗದ ನೆತ್ತಿಯ ಮೇಲೆಯೇ ಅಗೆದ. ಅಗೆದಷ್ಟೂ ಗುಂಡಿ ತಾನೇ ಮುಚ್ಚಿಕೊಳ್ಳುತ್ತಿತ್ತು. ಚೀಲ ಹೊರಬಂದಾಗ ಗಡಿಯಾರ 23 ನಿಮಿಷ ತೋರಿಸುತ್ತಿತ್ತು. ಯಾರೂ ಮಾತಾಡಲಿಲ್ಲ. ಆ ಚೀಲಕ್ಕೆ ಒಂದು ಮುಖ ಇದ್ದಿದ್ದರೆ ಎಂದು ಎಲ್ಲರೂ ಯೋಚಿಸುತ್ತಿದ್ದರು.

ಅದೇ ನಾಲ್ವರು ಒಂದು ತಿಂಗಳ ನಂತರ 7 ನಿಮಿಷದಲ್ಲಿ ತೆಗೆದರು. ಬಲ ಹೆಚ್ಚಿರಲಿಲ್ಲ, ಕ್ರಮ ಗೊತ್ತಾಗಿತ್ತು. ಸರಳು ತಾಗಿದ ಮೇಲೆ ಅದನ್ನು ಅಲ್ಲೇ ಬಿಡಬೇಕು. ಅದರ ನೆತ್ತಿಯಲ್ಲಿ ಅಗೆಯಬಾರದು, ಆಳದ ಒಂದೂವರೆ ಪಟ್ಟು ದೂರದಲ್ಲಿ, ಇಳಿಜಾರಿನ ಕೆಳಗಿನಿಂದ ಶುರುಮಾಡಿ ಒಳಗೆ ನುಗ್ಗಬೇಕು. ಮುಂದಿದ್ದವನು ಕಡಿಯುತ್ತಾನೆ, ಹಿಂದಿದ್ದವರು ಎಳೆದು ಹಾಕುತ್ತಾರೆ. ನಿಮಿಷಕ್ಕೊಮ್ಮೆ ಜಾಗ ಬದಲಾಯಿಸಬೇಕು. ಇದಕ್ಕೆ ಹಿಮಾಲಯ ಬೇಕಿಲ್ಲ, ಜುಹೂ ಸಾಕು.

ಇನ್ನು ಹಿಮ ಯಾಕೆ ಜಾರುತ್ತದೆ ಎಂಬುದು. ಇದನ್ನು ವಿವರವಾಗಿ ಹೇಳುವ ತಜ್ಞರು ಮುಂದೆ ಬರುತ್ತಾರೆ. ನಾನು ಅಡುಗೆಮನೆಯ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಊರಿನ ಅಂಗಡಿಗಳಲ್ಲಿ ಬಾಂಬೆ ರವೆ ಎನ್ನುತ್ತಾರಲ್ಲ, ಅದನ್ನು ಮೊರದಲ್ಲಿ ತೆಳ್ಳಗೆ ಹರಡಿ, ಮೇಲೊಂದು ರಟ್ಟು ಇಟ್ಟು, ಮೊರವನ್ನು ನಿಧಾನವಾಗಿ ಓರೆ ಮಾಡಿ. ರವೆ ಅಂಟುವುದಿಲ್ಲ, ರಟ್ಟು ಇಡಿಯಾಗಿ ಜಾರುತ್ತದೆ. ಡಿಸೆಂಬರಿನಲ್ಲಿ ಬಿದ್ದ ತೆಳು ಹಿಮದ ತಳ ನೆಲದ ಶಾಖಕ್ಕೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೇಲ್ಮೈ ಮಾತ್ರ ನಿರ್ಮಲ ರಾತ್ರಿಗಳಲ್ಲಿ ಮೈನಸ್ ಹದಿನೈದಕ್ಕೂ ಇಳಿಯುತ್ತದೆ. ಈ ಅಂತರಕ್ಕೆ ಒಳಗಿನ ಆವಿ ಮೇಲೇರಿ ಹಿಮದ ಕಣಗಳನ್ನು ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗಿಸುತ್ತದೆ. ಅದೇ ರವೆ. ಜನವರಿ, ಫೆಬ್ರವರಿಯಲ್ಲಿ ಪಶ್ಚಿಮದಿಂದ ಬರುವ ಮಾರುತಗಳು ಅದರ ಮೇಲೆ ಹೊಸ ಹಿಮದ ದಪ್ಪ ಹಲಗೆ ಹೊದಿಸುತ್ತವೆ. ಅದು ರಟ್ಟು. ಓರೆ ಎಷ್ಟಿರಬೇಕು? 30ರಿಂದ 45 ಡಿಗ್ರಿ. ಗಿರ್‌ಗಾಂವಿನ ಹಳೆಯ ಚಾಳಿನ ಮರದ ಮೆಟ್ಟಿಲು ನೆನಪಿಸಿಕೊಳ್ಳಿ, ಸರಿಸುಮಾರು ಅಷ್ಟೇ ಕಡಿದು. ನಮಗೆ ಅದು ಆರಾಮವಾಗಿ ಹತ್ತಬಹುದಾದ ಇಳಿಜಾರು ಎನಿಸುತ್ತದೆ, ಸಹ್ಯಾದ್ರಿಯ ಲೆಕ್ಕದಲ್ಲಿ ಏನೇನೂ ಅಲ್ಲ. ಅಲ್ಲಿಯೇ ನಮ್ಮ ಅನುಭವ ನಮಗೆ ಮೋಸ ಮಾಡುವುದು. ಸತ್ತವರ ಲೆಕ್ಕ ನೋಡಿದರೆ ಹತ್ತರಲ್ಲಿ ಒಂಬತ್ತು ಕುಸಿತಗಳನ್ನು ಎಬ್ಬಿಸಿದ್ದು ಆ ತಂಡದವರ ಕಾಲುಗಳೇ.

ತಿಳಿದವರಿಗೆ ಅಪಾಯವಿಲ್ಲ ಎಂದು ಭಾವಿಸುವುದೂ ತಪ್ಪು. 2021ರ ಸೆಪ್ಟೆಂಬರ್ 3ರಂದು ಇದೇ ಮುಂಬಯಿಯಿಂದ ನೌಕಾಪಡೆಯ 20 ಜನರ ತಂಡ 7,120 ಮೀಟರ್ ಎತ್ತರದ ತ್ರಿಶೂಲ ಶಿಖರಕ್ಕೆ ಹೊರಟಿತು. ಅಕ್ಟೋಬರ್ 1ರ ಬೆಳಿಗ್ಗೆ ಹಿಮಕುಸಿತ ಐವರು ನೌಕಾ ಸಿಬ್ಬಂದಿಯನ್ನೂ ಒಬ್ಬ ಶೆರ್ಪಾನನ್ನೂ ಒಯ್ದಿತು. ಮರುವರ್ಷ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಬಿರಾರ್ಥಿಗಳು ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಲುಕಿದರು. ಅದೇ ವರ್ಷ ಎವರೆಸ್ಟ್ ಹತ್ತಿದ್ದ ಬೋಧಕಿ ಸವಿತಾ ಕಂಸವಾಲ್ ಸೇರಿ ಮೃತರ ಸಂಖ್ಯೆ, ಸಿಗದವರನ್ನೂ ಎಣಿಸಿದರೆ, 29. ಕರ್ನಾಟಕದ ಮಕ್ಕಳೂ ಅಲ್ಲಿದ್ದರು. ಇನ್ನು 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ, ಬಹುತೇಕ ಕರ್ನಾಟಕದವರೇ ಇದ್ದ 22 ಜನರ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡದ್ದು ಹಿಮಕುಸಿತವಲ್ಲ ನಿಜ. ಆದರೆ ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಎಷ್ಟೋ ಮನೆಗಳಲ್ಲಿ ಅಂದಿನಿಂದ ಬೆಟ್ಟದ ಮಾತು ಎತ್ತಿದರೆ ಅಮ್ಮಂದಿರ ಮುಖ ಬಾಡುತ್ತದೆ. ಬೆಟ್ಟಕ್ಕೆ ಹೋಗಬೇಡಿ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಆ ಅಮ್ಮಂದಿರ ಮುಂದೆ ಕೂತು, ನಾವು ಏನು ಕಲಿತು ಹೋಗುತ್ತಿದ್ದೇವೆ ಎಂದು ಹೇಳುವ ಯೋಗ್ಯತೆ ನಮಗೆ ಬರಬೇಕು ಎಂಬ ಆಸೆ ನನ್ನದು.

ನನ್ನ ಅನುಭವವೊಂದಿದೆ. ಹದಿನೇಳು ವರ್ಷದ ಹಿಂದೆ, ಮಾರ್ಚ್ ತಿಂಗಳು, ಗಢವಾಲದ ಒಂದು ಕಣಿವೆ. ಒಂಬತ್ತು ಜನ, ನಾನೇ ನಾಯಕ. ಎರಡು ದಿನ ಬಿಡದೆ ಹಿಮ ಸುರಿದು ಮೂರನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ದಾಟಬೇಕಾಗಿದ್ದದ್ದು ಇನ್ನೂರು ಮೀಟರ್ ಅಗಲದ ಒಂದು ಬಿಳಿ ಇಳಿಜಾರು. ಹಿಂದಿರುಗುವ ಟಿಕೆಟ್ ನನ್ನ ಜೇಬಲ್ಲಿತ್ತು, ಸೋಮವಾರ ಎಲ್ಲರಿಗೂ ಆಫೀಸು. ನಮ್ಮ ಜೊತೆಗಿದ್ದ ಹಳ್ಳಿಯ ಹಿರಿಯ, ಚಾಚಾ ಎಂದೇ ಕರೆಯುತ್ತಿದ್ದೆವು, ಅಂಚಿಗೆ ಹೋಗಿ ಕೋಲನ್ನು ಹಿಮಕ್ಕೆ ಚುಚ್ಚಿದರು. ಮೇಲಿನ ಎರಡು ಅಡಿ ಗಟ್ಟಿ, ಆಮೇಲೆ ಕೋಲು ಸರಕ್ಕನೆ ಇಳಿಯಿತು. ಕಾಲಡಿ ಎಲ್ಲೋ ಆಳದಲ್ಲಿ ‘ಧುಪ್’ ಎಂದು, ಖಾಲಿ ಕೋಣೆಯಲ್ಲಿ ಹಾಸಿಗೆ ಬಿದ್ದಂತೆ ಒಂದು ಸದ್ದಾಯಿತು. ಅವರು ಹಿಂದೆ ಸರಿದು “ಆಜ್ ನಹೀ” ಎಂದರು. ನಾವು ಅರ್ಧ ಗಂಟೆ ವಾದ ಮಾಡಿದೆವು. ನನ್ನ ದನಿಯೇ ಎಲ್ಲರಿಗಿಂತ ದೊಡ್ಡದಿತ್ತು, ಅದನ್ನು ಇಂದಿಗೂ ಮರೆತಿಲ್ಲ. ಅವರು ಉತ್ತರ ಕೊಡದೆ ತಮ್ಮ ಮೂಟೆಯ ಮೇಲೆ ಕೂತು ಬೂಟಿನ ಲಾಡಿ ಬಿಚ್ಚತೊಡಗಿದರು. ಆಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ. ಮರುದಿನ ಮಧ್ಯಾಹ್ನ ಕೆಳಗಿನ ಬಿಡಾರದಿಂದ ನೋಡುತ್ತಿದ್ದಂತೆ ಆ ಇಡೀ ಇಳಿಜಾರು ಹೊರಟುಹೋಯಿತು. ಮೇಲುಗಡೆ ಚಾಕುವಿನಿಂದ ಕೊಯ್ದಂಥ ಒಂದು ಗೆರೆ ಮಾತ್ರ ಉಳಿಯಿತು.

ಮುಂಬಯಿಯವರಿಗೆ ಗಡಿಯಾರ ರಕ್ತದಲ್ಲಿದೆ. 8.12ರ ಫಾಸ್ಟ್ ಲೋಕಲ್ ತಪ್ಪಿದರೆ ದಿನವೇ ತಪ್ಪುತ್ತದೆ. ಆ ಶಿಸ್ತಿನಿಂದಲೇ ನಾವು ಇಲ್ಲಿ ಬದುಕು ಕಟ್ಟಿಕೊಂಡೆವು. ಅದೇ ಶಿಸ್ತು ಹೊಸ ಹಿಮ ಬಿದ್ದ ಮಾರನೆಯ ದಿನ, ಅಂದರೆ ಅತಿ ಅಪಾಯದ ಹೊತ್ತಿನಲ್ಲಿ, ನಮ್ಮನ್ನು ಇಳಿಜಾರಿಗೆ ತಳ್ಳುತ್ತದೆ. ಮೂರು ಸಾವಿರ ಮೀಟರ್ ಎತ್ತರದಲ್ಲಿ, ದಣಿದು, ಒಂಬತ್ತು ಜನರ ಕಣ್ಣೆದುರು, ಹಿಂದಿರುಗುವ ನಿರ್ಧಾರ ಮಾಡುವುದು ಬಹಳ ಕಷ್ಟ. ಹಾಗಾಗಿ ಆ ನಿರ್ಧಾರವನ್ನು ಹೊರಡುವ ಮೊದಲೇ, ಮನೆಯ ಊಟದ ಮೇಜಿನ ಮೇಲೆ ಬರೆದಿಟ್ಟು ಹೋಗಬೇಕು. ಒಂದು ದಿನದಲ್ಲಿ ಒಂದು ಅಡಿ ಹಿಮ ಬಿದ್ದರೆ ಕಡಿದಾದ ಇಳಿಜಾರಿಗೆ ಎರಡು ದಿನ ಕಾಲಿಡುವುದಿಲ್ಲ. ತಂಡದ ಅತಿ ಚಿಕ್ಕವನು ‘ಬೇಡ’ ಎಂದರೂ ಅದೇ ಕೊನೆಯ ಮಾತು. ದಾಟಲೇಬೇಕಾದಲ್ಲಿ ಒಬ್ಬೊಬ್ಬರಾಗಿ ದಾಟುವುದು, ಉಳಿದವರು ಕಣ್ಣಿಟ್ಟು ನೋಡುವುದು. ಟಿಕೆಟ್ ತೆಗೆಸುವಾಗ ಎರಡು ದಿನ ಖಾಲಿ ಬಿಡುವುದು. ಆ ಎರಡು ದಿನದ ರಜೆಯೇ ನಾವು ಒಯ್ಯಬಹುದಾದ ಅತ್ಯುತ್ತಮ ಸಲಕರಣೆ ಎಂದು ನನಗೆ ಅನಿಸಿದೆ.

ನಮ್ಮ ದೇಶದಲ್ಲಿ ಈ ವಿದ್ಯೆ ಇಲ್ಲವೆಂದಲ್ಲ. 1969ರಲ್ಲಿ ಮನಾಲಿಯಲ್ಲಿ ಶುರುವಾದ ಹಿಮ ಅಧ್ಯಯನ ಕೇಂದ್ರ ಈಗ ಡಿಆರ್‌ಡಿಒದ ಡಿಜಿಆರ್‌ಇ ಎಂಬ ಸಂಸ್ಥೆಯಾಗಿ ಚಂಡೀಗಢದಿಂದ ಜಿಲ್ಲಾವಾರು ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಚಳಿಗಾಲದ ಚಾರಣಕ್ಕೆ ಹೊರಡುವ ನಮ್ಮ ಎಷ್ಟು ತಂಡಗಳು ಅದನ್ನು ಓದುತ್ತವೆ? ಓದಿದವರು ಅದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಬಲ್ಲರೇ? ಈ ಸಂಕಿರಣ ಮುಗಿಯುವ ಹೊತ್ತಿಗೆ ಆ ಮುನ್ಸೂಚನೆಯನ್ನು ಓದುವ ಬಗೆಯನ್ನು ನಾಲ್ಕು ಪುಟದಲ್ಲಿ ಕನ್ನಡಕ್ಕೆ ತರುವ ಒಂದು ಸಣ್ಣ ಗುಂಪು ರಚನೆಯಾಗಲಿ. ಬೀಕನ್ ದುಬಾರಿ, ಒಬ್ಬೊಬ್ಬರೂ ಕೊಳ್ಳಲಾಗದು. ನಮ್ಮ ಸಂಘಗಳು ಪುಸ್ತಕದ ಕಪಾಟು ಇಟ್ಟಂತೆ ಆರು ಬೀಕನ್, ಆರು ಸರಳು, ಆರು ಸಲಿಕೆಯ ಒಂದು ಕಪಾಟು ಇಡಬಹುದು. ಕಾರ್ಡು ತೋರಿಸಿ ಒಯ್ಯುವುದು, ವಾಪಸು ತಂದಿಡುವುದು. ಆದರೆ ಬಳಸಲು ಕಲಿಯದವರಿಗೆ ಕಾರ್ಡು ಕೊಡಬಾರದು.

ಊಟದ ನಂತರ, ಎರಡೂವರೆಗೆ, ಈ ಸಭಾಂಗಣದ ಹಿಂದಿನ ಅಂಗಳಕ್ಕೆ ಬನ್ನಿ. ನಿನ್ನೆ ರಾತ್ರಿ ಎರಡು ಟೆಂಪೊ ಒದ್ದೆ ಮರಳು ತಂದು ಸುರಿದಿದ್ದೇವೆ. ಅದರಲ್ಲಿ ಒಂದು ಚೀಲ ಇದೆ, ಎಲ್ಲಿದೆಯೆಂದು ನನಗೂ ಗೊತ್ತಿಲ್ಲ. ಸೀರೆ ಉಟ್ಟವರೂ, ಅರವತ್ತು ದಾಟಿದವರೂ, ಬೆಟ್ಟವನ್ನೇ ಹತ್ತದವರೂ ಬರಬೇಕು. ನಾಲ್ವರ ಗುಂಪಿಗೆ ಒಂದು ಸಲಿಕೆ. ಗಡಿಯಾರ ನಾನು ಹಿಡಿಯುತ್ತೇನೆ.