ಮಡಚುವ ಕೈಗಾಡಿ: ಗಾಲಿ ನೋಡಿ ಕೊಳ್ಳಿ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ರೈತರೂ ರೈತ ಮಹಿಳೆಯರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಸಭೆಗಳಲ್ಲಿ ಬೀಜ, ಗೊಬ್ಬರ, ಕೀಟ, ರೋಗಗಳ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನಾನು ಒಂದು ಸಣ್ಣ ಸಾಧನದ ವಿಷಯ ಹೇಳಬೇಕೆಂದಿದ್ದೇನೆ. ಅದು ಮಡಚಿ ಮೂಲೆಗೆ ಇಡಬಹುದಾದ ಕೈಗಾಡಿ. "ಪೇಟೆಯವರು ತರಕಾರಿ ತರುವ ಗಾಡಿಯ ಮಾತು ನಮಗೇಕೆ?" ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಕೋರುತ್ತೇನೆ.

ನಮ್ಮ ಈ ನಾಲ್ಕು ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ, ಅದರಲ್ಲೂ ಪಾವಗಡದ ಕಡೆ, ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಮಿತಿ ಇದೆ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ದೊಡ್ಡವರ ಕೀಲುಗಳು ಹಿಡಿಯುತ್ತವೆ, ಕತ್ತು ಮತ್ತು ಬೆನ್ನು ಬಿಗಿದುಕೊಳ್ಳುತ್ತವೆ. ಇದು ತಮಗೆಲ್ಲ ಗೊತ್ತಿರುವ ಸಂಗತಿ. ನೀರನ್ನು ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ ಎಂಬುದು ಮಾತ್ರ ಕೆಲವರಿಗೆ ಇನ್ನೂ ಗೊತ್ತಿಲ್ಲ. ಕುದಿದು ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಈ ಕಾರಣಕ್ಕೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿಕೊಂಡು ಬರುವುದು ಈಗ ನಿತ್ಯದ ಕೆಲಸವಾಗಿದೆ.

ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ತಾಯಿಯನ್ನು "ಅಡಿಗೆಗೂ ಘಟಕದ ನೀರನ್ನೇ ಬಳಸುತ್ತೀರಾ ಅಮ್ಮ?" ಎಂದು ಕೇಳಿದೆ. ಆಕೆ ನಕ್ಕು, "ಕುಡಿಯೋಕೆ ಕ್ಯಾನಿನ ನೀರು, ಬೇಯಿಸೋಕೆ ಬೋರಿನ ನೀರು ಸ್ವಾಮಿ. ಎರಡಕ್ಕೂ ಹೊರೋರು ಯಾರು?" ಎಂದರು. ಈ ಮಾತು ನನ್ನ ತಲೆಯಿಂದ ಹೋಗಲಿಲ್ಲ. ನಮ್ಮ ಊಟವೆಂದರೆ ರಾಗಿ ಮುದ್ದೆ, ಸಾರು. ಮುದ್ದೆಯ ಎಸರು ನೀರು, ಸಾರೂ ನೀರು. ಬಾಯಿಗೆ ಒಳ್ಳೆಯ ನೀರು ಹಾಕಿ, ತಪ್ಪಲೆಗೆ ಕೆಟ್ಟ ನೀರು ಸುರಿದರೆ ಫ್ಲೋರೈಡು ತಟ್ಟೆಯ ದಾರಿಯಿಂದ ಒಳಗೆ ಬರುತ್ತದೆ. ಐದು ಜನರ ಮನೆಗೆ ಕುಡಿಯುವುದಕ್ಕೂ ಅಡಿಗೆಗೂ ಸೇರಿ ದಿನಕ್ಕೆ ಎರಡು ಕ್ಯಾನು ಬೇಕೆಂದು ಇಟ್ಟುಕೊಳ್ಳಿ. ಎರಡು ಕ್ಯಾನು ಎಂದರೆ 40 ಕಿಲೋ ನೀರು, ಕ್ಯಾನಿನ ತೂಕ ಬೇರೆ. ತಲೆಯ ಮೇಲೆ ಸಿಂಬೆ ಇಟ್ಟು ಹೊತ್ತರೆ ಎರಡು ಸಲ ಓಡಾಡಬೇಕು. ಕೀಲು ನೋವು ಮೊದಲೇ ಇರುವ ಕತ್ತಿನ ಮೇಲೆ 20 ಕಿಲೋ ಇಡುವುದು ಎಂಥ ಶಿಕ್ಷೆ ಎಂಬುದನ್ನು ಹೊತ್ತವರೇ ಬಲ್ಲರು. ಒಂದು ಗಾಡಿ ಇದ್ದರೆ ಎರಡೂ ಕ್ಯಾನು ಒಂದೇ ಸಲಕ್ಕೆ ಬರುತ್ತದೆ. ಎರಡನೆಯ ಕ್ಯಾನು ಮನೆಗೆ ಬಂದರೆ ಎಸರಿಗೂ ಒಳ್ಳೆಯ ನೀರು ಬೀಳುತ್ತದೆ. ನಾನು ಈ ವಿಷಯವನ್ನು ಆರಿಸಿಕೊಂಡದ್ದು ಇದಕ್ಕಾಗಿ.

1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯನ್ನು ಸುಧಾರಿಸಬೇಕೆಂದು ದೇಶದ ಉದ್ದಗಲಕ್ಕೂ ವಾದಿಸಿದರು. ಎತ್ತಿನ ಹೆಗಲು ಹುಣ್ಣಾಗಬಾರದು, ಗಾಲಿ ಸಲೀಸಾಗಿ ಉರುಳಬೇಕು ಎಂಬುದು ಅವರ ಕಾಳಜಿ. ಟೈರು ಗಾಡಿ ಬಂದ ಮೇಲೆ ಎತ್ತು ಹೆಚ್ಚು ಭಾರವನ್ನು ಕಡಿಮೆ ಶ್ರಮದಲ್ಲಿ ಎಳೆಯಿತು. ಎತ್ತಿನ ಹೆಗಲಿಗೆ ದೊರೆತ ಈ ಯೋಚನೆ ನೀರು ತರುವ ಹೆಣ್ಣುಮಗಳ ಕತ್ತಿಗೂ ದೊರೆಯಬೇಕಾಗಿತ್ತು. ಇರಲಿ, ಗಾಡಿಯ ವಿಷಯಕ್ಕೆ ಬರೋಣ.

ಅಂಗಡಿಯಲ್ಲಿ ಮಡಚುವ ಗಾಡಿಗಳು ಮುಖ್ಯವಾಗಿ ಮೂರು ಬಗೆಯವು ಸಿಗುತ್ತವೆ. ಒಂದು, ಎರಡು ಗಾಲಿಯ ನಿಲುವು ಗಾಡಿ. ಕೆಳಗೆ ಒಂದು ತಟ್ಟೆ, ಹಿಂದೆ ಉದ್ದನೆಯ ಹಿಡಿ. ತಟ್ಟೆಯನ್ನು ಮೇಲಕ್ಕೆ ಮಡಚಿ, ಹಿಡಿಯನ್ನು ಒಳಕ್ಕೆ ತಳ್ಳಿದರೆ ಬಾಗಿಲ ಹಿಂದೆ ನಿಲ್ಲಿಸಬಹುದು. ಎರಡನೆಯದು, ನಾಲ್ಕು ಸಣ್ಣ ಗಾಲಿಗಳ ಮೇಲೆ ಚಪ್ಪಟೆ ಹಲಗೆ ಇರುವುದು. ಇದರಲ್ಲಿ ಮಡಚುವುದು ಹಿಡಿ ಮಾತ್ರ. ಇದು ಗೋದಾಮು, ಅಂಗಡಿ, ಮಾರುಕಟ್ಟೆಯ ಸಿಮೆಂಟು ನೆಲಕ್ಕೆ ಸರಿ. ನಮ್ಮ ಹಳ್ಳಿಯ ದಾರಿಗೆ ಇದನ್ನು ತರಲೇಬೇಡಿ. ಮೂರನೆಯದು, ಕೊಡೆಯಂತೆ ಮುದುರಿಕೊಳ್ಳುವ ಕಬ್ಬಿಣದ ಚೌಕಟ್ಟಿಗೆ ದಪ್ಪ ಬಟ್ಟೆಯ ತೊಟ್ಟಿ ಕಟ್ಟಿರುವುದು. ಹೂವು, ಸೊಪ್ಪು, ತರಕಾರಿ, ಮೇವಿನ ಹೊರೆಯಂತಹ ಹಗುರವಾದರೂ ಹೆಚ್ಚು ಜಾಗ ಹಿಡಿಯುವ ಸಾಮಾನಿಗೆ ಇದು ಬಹಳ ಅನುಕೂಲ. ನೀರಿನ ಕ್ಯಾನಿಗೆ ಅಷ್ಟು ಒಳ್ಳೆಯದಲ್ಲ. ಭಾರವೆಲ್ಲ ನಡುವೆ ಕೂತು ಚೌಕಟ್ಟು ಜಗ್ಗುತ್ತದೆ.

ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಗಾಡಿ ಎಷ್ಟು ಚಿಕ್ಕದಾಗಿ ಮಡಚಿಕೊಳ್ಳುತ್ತದೆ ಎಂದು. ಅಂಗಡಿಯವನೂ ಅದನ್ನೇ ತೋರಿಸುತ್ತಾನೆ. ನಾನೂ ಹಾಗೆಯೇ ಮೋಸ ಹೋದವನು. ಅಂಗೈ ಅಗಲದ ಗಟ್ಟಿ ಪ್ಲಾಸ್ಟಿಕ್ ಗಾಲಿಯ ಗಾಡಿಯೊಂದನ್ನು, ಸೊಗಸಾಗಿ ಮಡಚುತ್ತದೆಂದು ತಂದೆ. ಮನೆಯ ಮುಂದಿನ ಕಾಂಕ್ರೀಟು ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು. ಹಿಂಡಿ ಚೀಲ ಹಾಕಿ ಮಣ್ಣು ದಾರಿಗೆ ಇಳಿಸಿದ್ದೇ ತಡ, ಗಾಲಿ ಮರಳಿನಲ್ಲಿ ಹೂತು ನೇಗಿಲಿನಂತೆ ಸಾಲು ಹೊಡೆಯಿತು. ಎರಡನೆಯ ದಿನ ತಟ್ಟೆ ಮಡಚುವ ಜಾಗದಲ್ಲಿ ರಿವೆಟ್ಟು ಕಿತ್ತು ಬಂತು.

ಆದುದರಿಂದ ಮೊದಲು ಗಾಲಿ ನೋಡಿ. ಗಾಲಿ ದೊಡ್ಡದಾದಷ್ಟೂ ಕಲ್ಲು, ಗುಂಡಿ ದಾಟುವುದು ಸುಲಭ. ಅಗಲವಾದಷ್ಟೂ ಮರಳಿನಲ್ಲಿ ಹೂಳುವುದು ಕಡಿಮೆ. 10 ಅಂಗುಲದ ಗಾಲಿ ಉರುಳಿ ದಾಟುವ ಕಲ್ಲಿಗೆ 4 ಅಂಗುಲದ ಗಾಲಿ ಡಿಕ್ಕಿ ಹೊಡೆದು ನಿಲ್ಲುತ್ತದೆ. ನಮ್ಮ ಕೆಂಪು ಮರಳು ಮಣ್ಣಿನ ದಾರಿಗೆ, ಜಯಮಂಗಲಿಯ ದಂಡೆಯ ತೋಟಗಳಿಗೆ, 4 ಅಂಗುಲದ ಗಾಲಿ ಕೆಲಸಕ್ಕೆ ಬಾರದು. ಹಾಗೆಂದು ಗಾಳಿ ತುಂಬುವ ಟೈರೇ ಉತ್ತಮವೆಂದು ಹೊರಡಬೇಡಿ. ಓಡುವುದಕ್ಕೆ ಅದು ಮೆತ್ತಗೆ, ನಿಜ. ಆದರೆ ಶಿರಾ, ಪಾವಗಡದ ಕಡೆ ರಸ್ತೆಯ ಎರಡು ಮಗ್ಗುಲಿಗೂ ಬಳ್ಳಾರಿ ಜಾಲಿ ನಿಂತಿದೆ. ಅದರ ಮುಳ್ಳಿಗೆ ಮೋಟಾರು ಸೈಕಲ್ಲಿನ ಟೈರೇ ತಡೆಯದಿರುವಾಗ ಈ ಸಣ್ಣ ಟೈರು ಎಷ್ಟು ದಿನ ಬಂದೀತು? ಅಗಲವಾದ ಗಟ್ಟಿ ರಬ್ಬರಿನ ಗಾಲಿ, ಒಳಗೆ ಬೇರಿಂಗ್ ಇರುವಂಥದ್ದು, ನಮಗೆ ಹೊಂದುತ್ತದೆ. ಎರಡು ಗಾಲಿಗೂ ಸೇರಿ ಒಂದೇ ಉಕ್ಕಿನ ಅಚ್ಚು ಹಾಯ್ದಿರಬೇಕು. ಒಂದೊಂದು ಗಾಲಿಗೂ ಬೇರೆ ಬೇರೆ ತುಂಡು ಅಚ್ಚು ಬೆಸೆದಿದ್ದರೆ ಭಾರ ಬಿದ್ದಂತೆ ಗಾಲಿಗಳು ಕಾಲು ಸೊಟ್ಟಗಾದವನಂತೆ ಹೊರಕ್ಕೆ ವಾಲುತ್ತವೆ.

ಎರಡನೆಯದಾಗಿ ಮಡಿಕೆಯ ಜಾಗ. ಮಡಚುವ ಪ್ರತಿಯೊಂದು ಕೀಲೂ ಗಾಡಿಯ ಒಂದೊಂದು ದುರ್ಬಲ ಸ್ಥಾನ. ಅಂಗಡಿಯಲ್ಲೇ ನಿಂತು ನಾಲ್ಕೈದು ಸಲ ಬಿಚ್ಚಿ ಮಡಚಿ. ಬಿಚ್ಚಿ ನಿಲ್ಲಿಸಿ ಹಿಡಿಯನ್ನು ಅಲ್ಲಾಡಿಸಿ. ಲಟಲಟ ಎಂದರೆ ಅಲ್ಲಿಯೇ ಬಿಟ್ಟು ಬನ್ನಿ. ಕೀಲಿಗೆ ರಿವೆಟ್ಟಿನ ಬದಲು ಬೋಲ್ಟು ನಟ್ಟು ಇದ್ದರೆ ಒಳ್ಳೆಯದು, ಸವೆದಾಗ ಮಧುಗಿರಿಯಲ್ಲೋ ಶಿರಾದಲ್ಲೋ ಯಾವ ವರ್ಕ್‌ಶಾಪಿನಲ್ಲಾದರೂ ಬದಲಾಯಿಸಬಹುದು. ಚೀಟಿಯ ಮೇಲೆ 80 ಕಿಲೋ, 100 ಕಿಲೋ ಎಂದು ಬರೆದಿರುತ್ತಾರೆ. ಅದು ನುಣುಪಾದ ನೆಲದ ಲೆಕ್ಕ. ಹಳ್ಳಿಯ ದಾರಿಗೆ ಅದರ ಅರ್ಧವನ್ನೇ ನಂಬಿ ಎಂಬುದು ನನ್ನ ಸಲಹೆ. ಎರಡು ಕ್ಯಾನಿಗೆ 80 ಕಿಲೋದ ಗಾಡಿ ಹೆಚ್ಚೇನೂ ಆಗಲಿಲ್ಲ. 50 ಕಿಲೋ ಹಿಂಡಿ ಚೀಲವನ್ನೋ, ತುಂಬಿದಾಗ 45 ಕಿಲೋ ಮೀರುವ 40 ಲೀಟರಿನ ಹಾಲಿನ ಕ್ಯಾನನ್ನೋ ಸಾಗಿಸುವವರು ಅದಕ್ಕಿಂತ ಬಲವಾದದ್ದನ್ನು ನೋಡಬೇಕು.

ಹಿಡಿಯ ಎತ್ತರವನ್ನು ಗಾಡಿ ನಡೆಸುವವರೇ ಬಂದು ನೋಡಬೇಕು. ಗಾಡಿಯನ್ನು ಹಿಂದಕ್ಕೆ ವಾಲಿಸಿದಾಗ ಹಿಡಿ ಸೊಂಟಕ್ಕೂ ಮೊಣಕೈಗೂ ನಡುವೆ ಬರುವಂತಿರಬೇಕು. ಗಂಡಸು ತನ್ನ ಎತ್ತರಕ್ಕೆ ನೋಡಿ ಕೊಂಡು ತಂದು ಹೆಂಡತಿಯ ಕೈಗೆ ಕೊಟ್ಟರೆ ಆಕೆಯ ಭುಜ ನೋಯುತ್ತದೆ.

ಇನ್ನೊಂದು ಪ್ರಶ್ನೆ: ಗಾಡಿ ಮಡಚಲೇಬೇಕೆ? ಬಸ್ಸಿನಲ್ಲಿ, ಟೆಂಪೋದಲ್ಲಿ ಹೂವು, ತರಕಾರಿಯೊಡನೆ ಸಂತೆಗೆ ಒಯ್ಯುವವರಿಗೆ ಮಡಚುವ ಗಾಡಿ ಬೇಕು. ವೈ.ಎನ್. ಹೊಸಕೋಟೆಯಂತಹ ಊರಿನಲ್ಲಿ, ಮಗ್ಗವೇ ಮನೆಯ ಅರ್ಧ ಜಾಗ ತುಂಬಿರುವ ನೇಕಾರರ ಮನೆಗೂ ಅದೇ ಸರಿ. ಮನೆ ಮುಂದೆ ಅಂಗಳ, ಕೊಟ್ಟಿಗೆ ಇರುವ ರೈತರಿಗೆ ಈ ಅಗತ್ಯ ಕಡಿಮೆ. ಅಂಥವರು ಹಳೆಯ ಮೊಪೆಡ್ಡಿನ ಎರಡು ಗಾಲಿ, ಸ್ವಲ್ಪ ಕಬ್ಬಿಣದ ಪೈಪು ಕೊಟ್ಟು, ಹಿಡಿ ಮಾತ್ರ ಮಡಚುವಂತೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳುವುದು ಮೇಲು. ಮುಳ್ಳಿನ ಕಾಟ ಇದ್ದೇ ಇರುತ್ತದೆ, ಆದರೆ ಅದರ ಟ್ಯೂಬಿಗೆ ಪಂಕ್ಚರ್ ಹಾಕುವವರು ಪಕ್ಕದ ಊರಿನಲ್ಲೇ ಇರುತ್ತಾರೆ. ಹೊಲದಿಂದ ಕಡಲೆಕಾಯಿ ಚೀಲ, ಹುಣಸೆಹಣ್ಣಿನ ಕುಕ್ಕೆ ತರಲು ಇದಕ್ಕೆ ಸಮನಾದುದು ಅಂಗಡಿಯಲ್ಲಿ ಸಿಗದು.

ಬಳಸುವಾಗ ಭಾರವಾದದ್ದನ್ನು ಕೆಳಗೆ, ಅಚ್ಚಿನ ನೇರಕ್ಕೆ ಇಡಿ. ಕ್ಯಾನಿನ ಮುಚ್ಚಳ ಬಿಗಿಮಾಡಿ ಹಗ್ಗದಿಂದ ಸುತ್ತಿ ಕಟ್ಟಿ. ಅರ್ಧ ತುಂಬಿದ ಕ್ಯಾನು ತುಂಬಿದ ಕ್ಯಾನಿಗಿಂತ ಹೆಚ್ಚು ತುಳುಕಿ ಗಾಡಿಯನ್ನು ಹೊಯ್ದಾಡಿಸುತ್ತದೆ. ಏರಿನಲ್ಲಿ ಗಾಡಿಯನ್ನು ಹಿಂದೆ ಎಳೆದುಕೊಂಡು ಹತ್ತಿ. ಇಳಿಜಾರಿನಲ್ಲಿ ಅದನ್ನು ಮುಂದೆ ಬಿಟ್ಟು, ನೀವು ಹಿಂದಿನಿಂದ ತಡೆದು ಹಿಡಿಯಿರಿ. ಯಾವಾಗಲೂ ನೀವು ಮೇಲಿನ ಕಡೆ, ಭಾರ ಕೆಳಗಿನ ಕಡೆ. ನಾಲ್ಕು ಗಾಲಿಯ ಬಟ್ಟೆ ಗಾಡಿಗೆ ಇಳಿಜಾರು ಅಪಾಯ, ಎಳೆಯುವವರ ಹಿಮ್ಮಡಿಗೇ ಬಂದು ಬಡಿಯುತ್ತದೆ. ಹಿಂದೆ ಒಂದು ಹಗ್ಗ ಕಟ್ಟಿ ಇನ್ನೊಬ್ಬರು ಹಿಡಿದಿರಲಿ. ಮಳೆಗಾಲದಲ್ಲಿ ಎರೆ ಭೂಮಿಯ ದಾರಿಗೆ ಯಾವ ಗಾಡಿಯನ್ನೂ ಇಳಿಸಬೇಡಿ, ಮಣ್ಣು ಗಾಲಿಗೆ ಸುತ್ತಿಕೊಂಡು ಉರುಳುವುದೇ ನಿಂತುಹೋಗುತ್ತದೆ. ಬಿಚ್ಚುವಾಗ, ಮಡಚುವಾಗ ಮಕ್ಕಳ ಬೆರಳು ಕೀಲಿನ ಹತ್ತಿರ ಇರಕೂಡದು.

ಕೀಟನಾಶಕದ ಡಬ್ಬ ಸಾಗಿಸಿದ ಗಾಡಿಯಲ್ಲಿ ಕುಡಿಯುವ ನೀರನ್ನು ತರಕೂಡದು. ತೊಳೆದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಬಟ್ಟೆಯ ತೊಟ್ಟಿ ವಿಷವನ್ನು ಹೀರಿಕೊಂಡಿರುತ್ತದೆ, ತೊಳೆದರೆ ಸಾಲದು. ರಾಸಾಯನಿಕ ಗೊಬ್ಬರ ಹೇರಿದ ದಿನವಂತೂ ಕಬ್ಬಿಣವನ್ನು ತೊಳೆದು ಒರೆಸಲೇಬೇಕು, ಇಲ್ಲವಾದರೆ ತುಕ್ಕು ಹಿಡಿಯುತ್ತದೆ. ಕೀಲುಗಳಿಗೆ ಎಣ್ಣೆ ಬಿಡುವ ಮುಂಚೆ ಮರಳು ಒರೆಸಿ, ಒಂದೆರಡು ತೊಟ್ಟು ಸಾಕು. ಬಿಸಿಲಿನಲ್ಲಿ ನಿಂತರೆ ರಬ್ಬರು, ಬಟ್ಟೆ ಎರಡೂ ಬಿರಿಯುತ್ತವೆ. ಮಡಚಿ ಗೋಡೆಯ ಗೂಟಕ್ಕೆ ನೇತುಹಾಕಿ.

ಇನ್ನು ಒಂದೇ ಮಾತು ಉಳಿದಿದೆ, ಅದು ನಾಚಿಕೆಯದು. ಅಮೆರಿಕದ ಒಕ್ಲಹೋಮಾ ನಗರದಲ್ಲಿ 1937ರಲ್ಲಿ ಸಿಲ್ವನ್ ಗೋಲ್ಡ್‌ಮನ್ ಎಂಬ ಅಂಗಡಿಕಾರ, ಮಡಚುವ ಕುರ್ಚಿಯನ್ನು ನೋಡಿ ಅದೇ ತೆರನಾಗಿ ಗಿರಾಕಿಗಳಿಗೆ ಮಡಚುವ ಗಾಡಿ ಮಾಡಿಸಿದ. ಗಿರಾಕಿಗಳು ಅದನ್ನು ಮುಟ್ಟಲಿಲ್ಲ. ಗಂಡಸರಿಗೆ ತಮ್ಮ ತೋಳಿನಲ್ಲಿ ಬಲವಿಲ್ಲವೆಂದು ಜನ ಅಂದಾರೆಂಬ ಅಳುಕು. ಹೆಂಗಸರಿಗೆ ಮಗುವಿನ ಗಾಡಿ ತಳ್ಳಿದ್ದು ಸಾಕಾಗಿತ್ತು. ಕೊನೆಗೆ ಆತ ಕೂಲಿ ಕೊಟ್ಟು ಎಲ್ಲ ವಯಸ್ಸಿನ ಗಂಡಸರು ಹೆಂಗಸರಿಂದ ಅಂಗಡಿಯೊಳಗೆ ಗಾಡಿ ತಳ್ಳಿಸಬೇಕಾಯಿತು. ಆ ಮೇಲೆ ಉಳಿದವರೂ ತಳ್ಳಿದರು. ನಮ್ಮಲ್ಲೂ ಅಷ್ಟೇ. ಸೊಸೆ ಗಾಡಿ ತಳ್ಳಿಕೊಂಡು ಹೋದರೆ "ಕೊಡ ಹೊರಲಾರದವಳು" ಎನ್ನುವ ಅತ್ತೆಯರಿದ್ದಾರೆ. ಗಂಡಸು ನೀರಿನ ಕ್ಯಾನನ್ನು ಮೋಟಾರು ಸೈಕಲ್ಲಿನ ಮೇಲಾದರೆ ತರುತ್ತಾನೆ, ಕೈಗಾಡಿಯಲ್ಲಿ ಎಂದರೆ ಹಿಂಜರಿಯುತ್ತಾನೆ.

ಹೊರಗೆ ಬೇವಿನ ಮರದ ಕೆಳಗೆ ಮೂರು ಗಾಡಿ ಇಟ್ಟಿದ್ದೇವೆ. ಒಂದೊಂದಕ್ಕೂ ತುಂಬಿದ ಕ್ಯಾನು ಎರಡೆರಡು ಕಟ್ಟಿದೆ. ಒಮ್ಮೆ ಸಿಮೆಂಟಿನ ಮೇಲೆ, ಒಮ್ಮೆ ಅಲ್ಲಿ ಸುರಿದಿರುವ ಮರಳಿನ ಮೇಲೆ ನಡೆಸಿ ನೋಡಿ, ಯಾವ ಗಾಲಿ ಹೂಳುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ಮೊದಲ ಸರದಿ ಗಂಡಸರದು.